ನೋಡುವವರಿಗೆ ಸೌಧ, ಕೇಳುವವರಿಗೆ ಸೆರೆಮನೆ

ಕಳೆದ ತಿಂಗಳ ಒಂದು ಭಾನುವಾರ ನಮ್ಮ ತಾಲ್ಲೂಕಿನ ಇಪ್ಪತ್ತಮೂರು ಜನರನ್ನು ಕಟ್ಟಿಕೊಂಡು ನಾವು ಬೆಂಗಳೂರಿಗೆ ಹೋಗಿದ್ದೆವು. ಸಭೆಯೂ ಇರಲಿಲ್ಲ, ಮೆರವಣಿಗೆಯೂ ಇರಲಿಲ್ಲ. ರಾಜಧಾನಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಜನರೇ ಹಟ ಹಿಡಿದಿದ್ದರು. ಅವರಲ್ಲಿ ಹದಿನಾಲ್ಕು ಮಂದಿ ಹೆಂಗಸರು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜಿಲ್ಲವಾದ್ದರಿಂದ ಅವರ ಚಿಂತೆ ಇರಲಿಲ್ಲ. ಉಳಿದ ಒಂಬತ್ತು ಗಂಡಸರ ಚಾರ್ಜನ್ನು ಎಲ್ಲಿಂದ ಹೊಂದಿಸಿದಿರೆಂದು ನಮ್ಮ ಖಜಾಂಚಿಯವರು ಇನ್ನೂ ಕೇಳುತ್ತಲೇ ಇದ್ದಾರೆ.

ಪಕ್ಷದ ಕೆಲಸ ಬಿಟ್ಟು ಪ್ರವಾಸ ಹೊರಟಿರಾ ಎಂದು ಕೆಲವು ಗೆಳೆಯರು ಮೂದಲಿಸಿದ್ದುಂಟು. ಅವರಿಗೆ ಉತ್ತರವಾಗಿ ಈ ನಾಲ್ಕು ಮಾತು. ಹಿಂದೆ ಮೇಷ್ಟ್ರಾಗಿದ್ದಾಗ ನಾವು ಶಾಲೆಯ ಮಕ್ಕಳನ್ನು ಇದೇ ಬೆಂಗಳೂರಿಗೆ ಕರೆದೊಯ್ಯುತ್ತಿದ್ದೆವು. ಲಾಲ್‌ಬಾಗಿನ ಗಾಜಿನ ಮನೆ, ಕಬ್ಬನ್ ಪಾರ್ಕಿನ ಅಠಾರಾ ಕಚೇರಿ, ಅದರೆದುರಿಗೆ ವಿಧಾನಸೌಧ. ಒಂದೊಂದರ ಮುಂದೆಯೂ ಸಾಲಾಗಿ ನಿಲ್ಲಿಸಿ, ಕಟ್ಟಿಸಿದವರು ಯಾರು, ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ ಎಂದು ಒಪ್ಪಿಸಿ ಬರೆಸುತ್ತಿದ್ದೆವು. ಮಕ್ಕಳು ಬರೆದುಕೊಳ್ಳುತ್ತಿದ್ದರು, ನಾವು ಸಹಿ ಹಾಕುತ್ತಿದ್ದೆವು. ಬರೆಸಿದ್ದು ಸುಳ್ಳಲ್ಲ, ಆದರೆ ಅರ್ಧ ಪಾಠ. ಉಳಿದ ಅರ್ಧವನ್ನು ಈ ಸಲ ನಮ್ಮ ಜನರಿಂದ ನಾವು ಕಲಿತು ಬಂದೆವು.

ಮೊದಲು ವಿಧಾನಸೌಧದ ಮಾತು. 1951ರ ಜುಲೈ 13ರಂದು ಪಂಡಿತ ನೆಹರೂ ಅದಕ್ಕೆ ಅಡಿಗಲ್ಲಿಟ್ಟರು. ಆಗ ಮುಖ್ಯಮಂತ್ರಿಗಳಾಗಿದ್ದವರು ಕೆ.ಸಿ. ರೆಡ್ಡಿ. ಮುಂದೆ ಬಂದ ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಬದಲಿಸಿ ಇಂದು ಕಾಣುವ ರೂಪ ಕೊಡಿಸಿದರು; 1956ರಲ್ಲಿ ಕೆಲಸ ಮುಗಿಯಿತು. ಸುಮಾರು 700 ಅಡಿ ಉದ್ದ, 350 ಅಡಿ ಅಗಲ. ಇಷ್ಟು ಮಕ್ಕಳಿಗೂ ಗೊತ್ತು. ಆದರೆ ಆ ಕಲ್ಲನ್ನು ಒಡೆದವರು ಯಾರು, ಹೊತ್ತವರು ಯಾರು? ಸುಮಾರು 5 ಸಾವಿರ ಕೂಲಿಗಳು, 1,500ರಷ್ಟು ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ಅಲ್ಲಿ ದುಡಿದರು. ಸೆರೆಮನೆಯ ಕೈದಿಗಳನ್ನೂ ಆ ಕೆಲಸಕ್ಕೆ ಹಚ್ಚಿದ್ದರು. ಕಟ್ಟಿಸಿದವರ ಹೆಸರು ಹಸುಳೆಗಳ ಬಾಯಲ್ಲೂ ಇದೆ. ಕಟ್ಟಿದವರ ಹೆಸರು ನಮ್ಮ ಯಾವ ಪಾಠದಲ್ಲೂ ಇರಲಿಲ್ಲ, ನಾವೂ ಎಂದೂ ಹೇಳಿಕೊಡಲಿಲ್ಲ.

ನಾವು ಆ ಕಟ್ಟಡವನ್ನು ಹಳಿಯುವವರಲ್ಲ. ಹಸಿದ ನಾಡಿಗೆ ಇಂಥ ಅರಮನೆ ಏಕೆಂದು ಅಂದು ಎದ್ದ ಕೂಗು ನ್ಯಾಯವಾದದ್ದೇ. ಆದರೂ ಅದು ಎದ್ದು ನಿಂತ ಮೇಲೆ ನಮ್ಮದು. ದೊರೆಯ ಅರಮನೆ ದೊರೆಯದು, ಶಾಸನಸಭೆಯ ಮನೆ ಜನರದು. ಅದರ ಹೆಬ್ಬಾಗಿಲ ನೆತ್ತಿಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿಸಿದ್ದಾರೆ. ದೇವರ ಕೆಲಸವಾದರೆ ದೇವಸ್ಥಾನದ ನ್ಯಾಯವಾದರೂ ಅಲ್ಲಿ ನಡೆಯಬೇಕಷ್ಟೆ? ದೇವಸ್ಥಾನದಲ್ಲಿ ಹರಕೆ ಹೊತ್ತು ಬಂದವನಿಗೆ ಮೊದಲ ಜಾಗ, ನೋಡಿ ಹೋಗಲು ಬಂದವನಿಗೆ ಎರಡನೆಯ ಜಾಗ. ವಿಧಾನಸೌಧದಲ್ಲಿ ಇದು ತಿರುಗುಮುರುಗಾಗಿದೆ.

ಹೇಗೆಂದು ಹೇಳುತ್ತೇವೆ. 2025ರ ಜೂನ್‌ನಿಂದ ಪ್ರವಾಸೋದ್ಯಮದವರು ವಿಧಾನಸೌಧವನ್ನು ಜನರಿಗೆ ತೋರಿಸುವ ಏರ್ಪಾಡು ಮಾಡಿದ್ದಾರೆ. ದೊಡ್ಡವರಿಗೆ ತಲಾ 50 ರೂಪಾಯಿ ಟಿಕೆಟ್, ಚಿಕ್ಕ ಮಕ್ಕಳಿಗೆ ಹಣವಿಲ್ಲ. ಗುಂಪು ಗುಂಪಾಗಿ ಕರೆದೊಯ್ದು ವಿವರಿಸುತ್ತಾರೆ. ಒಳ್ಳೆಯದೇ ಆಯಿತು, ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ಒಂದು ಅಂಗುಲವಾದರೂ ತೆರೆಯಿತು ಎಂದೇ ನಾವೂ ಅಂದುಕೊಂಡೆವು. ಆದರೆ ಯಾವ ದಿನ ತೋರಿಸುತ್ತಾರೆ? ಭಾನುವಾರಗಳಂದು, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು. ಎಂದರೆ ಮಂತ್ರಿಯೂ ಇಲ್ಲದ, ಕಾರ್ಯದರ್ಶಿಯೂ ಇಲ್ಲದ, ಅರ್ಜಿ ಇಸಿದುಕೊಳ್ಳುವ ಗುಮಾಸ್ತನೂ ಇಲ್ಲದ ದಿನ! ನಮ್ಮ ತಂಡದಲ್ಲಿ ಆರು ಮಂದಿ ಟಿಕೆಟ್ ಮಾಡಿಸಿದರು. ಉಳಿದವರು ಐವತ್ತು ರೂಪಾಯಿಗೆ ಮನೆಗೆ ಏನು ಬರುತ್ತದೆಂದು ಲೆಕ್ಕ ಹಾಕಿ ಹೊರಗೇ ನಿಂತರು. ಹೊರಗೆ ನಿಂತವರಲ್ಲಿ ನಮ್ಮ ಊರಿನ ಅಜ್ಜಿಯೊಬ್ಬರು, ವಿಧವಾ ವೇತನದ ತೊಡಕಿಗಾಗಿ ತಾಲ್ಲೂಕು ಮಟ್ಟದ ಒಂದು ಕಚೇರಿಗೆ ಹತ್ತಾರು ಸಲ ಅಲೆದವರು, ನಮ್ಮನ್ನು ಕೇಳಿದರು: "ಮೇಷ್ಟ್ರೇ, ಒಳಗೆ ಯಾರವ್ರೆ?" ಇವತ್ತು ಭಾನುವಾರ, ಯಾರೂ ಇರುವುದಿಲ್ಲ ಅಜ್ಜಿ ಎಂದೆವು. "ಅಂಗಾದ್ರೆ ದುಡ್ಡು ಕೊಟ್ಟು ಯಾರ್ನ ನೋಡಾಕೋಗ್ತಾರೆ?" ಎಂದರು. ನಮ್ಮ ಮೆಟ್ರಿಕ್ಯುಲೇಷನ್ ಪಾಸಿನ ವಿದ್ಯೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಇನ್ನು ಕೇಳಲು ಬಂದವರ ಗತಿ. ಬೆಂಗಳೂರು ನಗರದಲ್ಲಿ ಪ್ರತಿಭಟನೆ, ಧರಣಿ, ಮೆರವಣಿಗೆಗಳನ್ನು ನಿಯಂತ್ರಿಸಲು 2021ರಲ್ಲಿ ಒಂದು ಆದೇಶ ಬಂತು. ಅದರ ಪ್ರಕಾರ ಇಡೀ ನಗರದಲ್ಲಿ ಜನ ಕೂಡಿ ತಮ್ಮ ಸಂಕಟ ಹೇಳಿಕೊಳ್ಳಬಹುದಾದ ಜಾಗ ಒಂದೇ: ಫ್ರೀಡಂ ಪಾರ್ಕ್. ಕೋಟಿ ಜನರ ನಗರದಲ್ಲಿ ಬೇರೆಲ್ಲಿಯೂ ಕೂಗುವಂತಿಲ್ಲ. ಆ ಪಾರ್ಕು ಯಾವುದೆಂದು ಬಲ್ಲಿರಾ? ಅದು ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು. 2008ರಲ್ಲಿ ಅದಕ್ಕೆ ಸ್ವಾತಂತ್ರ್ಯದ ಹೆಸರಿಟ್ಟು ಉದ್ಯಾನವೆಂದು ತೆರೆದರು. ಕಾವಲು ಗೋಪುರ ಇನ್ನೂ ಹಾಗೆಯೇ ನಿಂತಿದೆ. ಹಿಂದೆ ಕೈದಿಗಳನ್ನು ಕರೆತಂದು ಸೌಧ ಕಟ್ಟಿಸಿದರು. ಈಗ ಸೌಧದ ಯಜಮಾನರನ್ನು ಕೈದಿಗಳಿದ್ದ ಜಾಗಕ್ಕೆ ಕಳುಹಿಸುತ್ತಾರೆ.

ಆ ಜೈಲಿನ ಕಥೆಯನ್ನು ನಮ್ಮ ಓದುಗರಿಗೆ ನೆನಪಿಸಬೇಕಾದ್ದಿಲ್ಲವಾದರೂ ಹೊಸ ಹುಡುಗರಿಗಾಗಿ ಹೇಳುತ್ತೇವೆ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿ ಬಂಧಿಗಳಾಗಿದ್ದರು. 1976ರಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಅಲ್ಲಿ ಇಟ್ಟರು. ಲೋಹಿಯಾರ ವಿಚಾರವನ್ನು ಒಪ್ಪಿಕೊಂಡಿದ್ದ ಹೆಂಗಸು, ಅಸ್ತಮಾ ರೋಗಿ. ಎಂಟು ತಿಂಗಳು ಜೈಲಿನಲ್ಲಿ ನವೆದು, ಜೀವ ಕೈಗೆ ಬಂದ ಮೇಲೆ ಬಿಟ್ಟರು. 1977ರ ಜನವರಿ 20ರಂದು ತೀರಿಕೊಂಡರು. ಇಂದು ಅದೇ ಆವರಣದಲ್ಲಿ ಧ್ವನಿವರ್ಧಕ ಹಿಡಿದು ನಾವು ಎಷ್ಟು ಕಿರುಚಿದರೂ ಆಳುವವರ ಕಿಟಕಿಗೆ ಮುಟ್ಟದು. 2022ರ ಜುಲೈಯಲ್ಲಿ ನೌಕರಿ ಖಾಯಂ ಮಾಡಿರೆಂದು ಕೇಳಲು ಬಂದ ಪೌರಕಾರ್ಮಿಕರು ಕೂತದ್ದೂ ಅಲ್ಲಿಯೇ. ಬೆಳಗಿನ ಜಾವ ಎದ್ದು ರಾಜಧಾನಿಯ ಬೀದಿಗಳನ್ನೆಲ್ಲ ಗುಡಿಸುವವರಿಗೆ ಆ ಬೀದಿಗಳಲ್ಲಿ ಒಂದರ ಮೇಲೂ ನಿಂತು ಮಾತಾಡುವ ಹಕ್ಕಿಲ್ಲ.

ಸಂಚಾರಕ್ಕೆ ಅಡ್ಡಿಯಾಗುತ್ತದೆ, ಆಸ್ಪತ್ರೆಯ ಗಾಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ ಎಂಬುದು ಅಧಿಕಾರಿಗಳ ವಾದ. ಈ ಮಾತನ್ನು ನಾವು ಹಗುರವಾಗಿ ತಳ್ಳುವುದಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಹೊತ್ತ ಗಾಡಿ ನಮ್ಮ ಮೆರವಣಿಗೆಯಿಂದ ತಡವಾದರೆ ಆ ಪಾಪ ನಮ್ಮದೇ. ಆದರೆ ಒಂದು ಪ್ರಶ್ನೆ ಕೇಳುತ್ತೇವೆ. 2025ರ ಜೂನ್ 4ರಂದು ಕ್ರಿಕೆಟ್ ತಂಡವೊಂದು ಗೆದ್ದು ಬಂದಾಗ ಅದೇ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರವೇ ನಿಂತು ಸನ್ಮಾನ ಮಾಡಿತಲ್ಲ? ಅಂದು ರಸ್ತೆ ಯಾರದಾಗಿತ್ತು? ಸಂಚಾರ ಎಲ್ಲಿ ಹೋಗಿತ್ತು? ಅದೇ ಸಂಜೆ ಅಲ್ಲಿಗೆ ಕೂಗಳತೆಯ ಕ್ರೀಡಾಂಗಣದ ಬಾಗಿಲಲ್ಲಿ 11 ಜನ ನೂಕುನುಗ್ಗಲಿಗೆ ಸಿಕ್ಕು ಸತ್ತರು. ಆ ಸಾವುಗಳನ್ನು ವಾದಕ್ಕೆ ಬಳಸುವಷ್ಟು ಕೀಳುಮಟ್ಟಕ್ಕೆ ನಾವು ಇಳಿಯುವುದಿಲ್ಲ; ಬಹುಪಾಲು ಹರೆಯದ ಮಕ್ಕಳು ಅವರು. ಜೈಕಾರಕ್ಕೆ ಬಂದ ಜನಸಾಗರಕ್ಕೆ ತೆರೆಯುವ ರಸ್ತೆ, ಅರ್ಜಿ ಹಿಡಿದ ಇನ್ನೂರು ಜನಕ್ಕೆ ಏಕೆ ಮುಚ್ಚುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಕಟ್ಟಡದ ನೀತಿ ಇದಾದರೆ ಗೋಡೆಗಳ ನೀತಿಯೂ ಅದರ ಒಡಹುಟ್ಟೇ.

ಬೆಂಗಳೂರಿನ ಬೀದಿ ಗೋಡೆಗಳ ಚಿತ್ರಗಳನ್ನು ನೋಡಲು ಇಂದು ಜನ ದೂರ ದೂರದಿಂದ ಬರುತ್ತಾರೆ. ಇದು ದೊಡ್ಡದಾಗಿ ಆರಂಭವಾದದ್ದು 2009ರಲ್ಲಿ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯವರು ರಸ್ತೆ ಬದಿಯ ಗೋಡೆಗಳಿಗೆಲ್ಲ ಚಿತ್ರ ಬರೆಸಿದರು. ಹಂಪೆಯ ಕಲ್ಲಿನ ರಥ, ಬೇಲೂರಿನ ಶಿಲಾಬಾಲಿಕೆ, ಮೈಸೂರಿನ ಅರಮನೆ, ಯಕ್ಷಗಾನದ ವೇಷ, ಆನೆ, ಹುಲಿ. ಉದ್ದೇಶವೇನೆಂದರೆ ಗೋಡೆಗೆ ಯಾರೂ ಪೋಸ್ಟರ್ ಅಂಟಿಸಬಾರದು, ಯಾರೂ ಮೂತ್ರ ಮಾಡಬಾರದು. ಕೆಲಸಕ್ಕೆ ಕರೆದದ್ದು ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕುಂಚಕಾರರನ್ನು. ಫ್ಲೆಕ್ಸ್ ಎಂಬ ಅಚ್ಚಿನ ಹಾಳೆ ಬಂದು ಅವರ ಅನ್ನ ಕಿತ್ತುಕೊಂಡಿತ್ತು. ಡಾ. ರಾಜಕುಮಾರರ ಮುಖವನ್ನು ನಲವತ್ತು ಅಡಿ ಎತ್ತರಕ್ಕೆ ಬರೆಯುವುದೆಂದರೆ ಸಾಮಾನ್ಯದ ಮಾತಲ್ಲ. ಚೌಕ ಹಾಕಿ, ಅಳತೆ ಹಿಡಿದು, ಕಣ್ಣಿನ ಹೊಳಪು ಕೆಳಗಿನ ರಸ್ತೆಯಿಂದ ಸರಿಯಾಗಿ ಕಾಣುವಂತೆ ತಿದ್ದುವ ವಿದ್ಯೆ ಅದು. ಅಂಥವರಿಗೆ ಕೆಲವು ತಿಂಗಳ ಕೂಲಿ ಸಿಕ್ಕಿತೆಂಬುದು ನಮಗೆ ಸಂತೋಷದ ಸಂಗತಿ. ಆ ಕೂಲಿ ಮುಗಿದ ಮೇಲೆ ಅವರ ಕೈಗೆ ಖಾಯಂ ಕೆಲಸವೇನು ಎಂದು ಯಾವ ಸದಸ್ಯನೂ ಕೇಳಿದಂತಿಲ್ಲ. 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಪಾಲಿಕೆಯೇ ಫ್ಲೆಕ್ಸನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಕುಂಚ ಒಣಗಿತ್ತು.

ನಾವು ನೋಡಿದ ಒಂದು ಕೆಳಸೇತುವೆಯ ಗೋಡೆಯ ಮೇಲೆ ಹಳ್ಳಿಯ ಚಿತ್ರವಿತ್ತು. ಹಸಿರು ಗದ್ದೆ, ಗುಡಿಸಲು, ನಗುವ ರೈತ, ಜೋಡೆತ್ತು. ನಮ್ಮ ಜನ ಮೊಬೈಲಿನಲ್ಲಿ ಫೋಟೋ ಹಿಡಿಸಿಕೊಂಡರು. ಅಜ್ಜಿ ಮಾತ್ರ ಹತ್ತಿರ ಹೋಗಿ ಎತ್ತಿನ ಮುಖವನ್ನೇ ದಿಟ್ಟಿಸಿ, "ಇದ್ಕೆ ಮೂಗುದಾರನೇ ಇಲ್ವಲ್ಲ, ಯಾರ ಮಾತು ಕೇಳ್ತದೆ ಇದು?" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ಬರುವಾಗ ಆ ಮಾತು ಬಿಡಲಿಲ್ಲ. ಉಳುವವನ ಕೈ ಎಂದೂ ಕಾಣದ ಎತ್ತು ಅದು, ಸಾಲ ಕಾಣದ ರೈತ ಅವನು. ಗೋಡೆಯ ಮೇಲಿನ ರೈತನಿಗೆ ರಾಜಧಾನಿಯ ನಡುಬೀದಿಯಲ್ಲಿ ಹಗಲಿರುಳು ನಿಲ್ಲುವ ಪರವಾನಗಿ ಇದೆ, ಏಕೆಂದರೆ ಅವನು ಬಾಯಿ ತೆರೆಯುವುದಿಲ್ಲ.

ವಿಮಾನ ನಿಲ್ದಾಣದ ಬಳಿಯ ಕೆಂಪೇಗೌಡರ ಪ್ರತಿಮೆಯನ್ನು ನೋಡಲೇಬೇಕೆಂದು ಗಂಡಸರಲ್ಲಿ ಇಬ್ಬರು ಪಟ್ಟು ಹಿಡಿದಿದ್ದರು. ದೂರವಾಯಿತೆಂದು ಬಿಟ್ಟೆವು. 108 ಅಡಿ ಎತ್ತರದ ಕಂಚಿನ ಮೂರ್ತಿ. 2022ರ ನವೆಂಬರ್ 11ರಂದು ಪ್ರಧಾನಮಂತ್ರಿಗಳು ಅನಾವರಣ ಮಾಡಿದರು. ಅದಕ್ಕೆ ಮುನ್ನ ನಾಡಿನ ಹಳ್ಳಿಹಳ್ಳಿಗಳಿಂದ ಹಿಡಿ ಹಿಡಿ ಮಣ್ಣನ್ನು ಭಕ್ತಿಯಿಂದ ತರಿಸಿದರು. ಕೆರೆ ಕಟ್ಟಿಸಿದ, ಪೇಟೆ ಕಟ್ಟಿಸಿದ ನಾಡಪ್ರಭುವಿಗೆ ಪ್ರತಿಮೆ ಬೇಡವೆಂದು ನಾವೇಕೆ ಹೇಳೋಣ? ಆದರೆ ಅದೇ ವರ್ಷ, ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ತಮ್ಮ 1,777 ಎಕರೆಯನ್ನು ಕೈಗಾರಿಕೆಗೆಂದು ಕಸಿಯಬೇಡಿರೆಂದು ಧರಣಿ ಕುಳಿತಿದ್ದರು. ಒಂದು ಕಡೆ ಹಳ್ಳಿಯ ಹಿಡಿ ಮಣ್ಣಿಗೆ ಪೂಜೆ. ಇನ್ನೊಂದು ಕಡೆ ಹಳ್ಳಿಯ ಮಣ್ಣಿಗೇ ನೋಟೀಸು. ಮೂರು ವರ್ಷಕ್ಕೂ ಮೀರಿ ಅವರು ಕುಳಿತರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. ಕಡೆಗೆ 2025ರ ಜುಲೈ 15ರಂದು ಆ ಭೂಸ್ವಾಧೀನವನ್ನು ಕೈಬಿಟ್ಟಿದ್ದೇವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಬೆಂಗಳೂರಿನ ಸುತ್ತ ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಆ ಧರಣಿಯ ಚಪ್ಪರ ಎಲ್ಲಿದೆ? ಮೇಷ್ಟ್ರುಗಳು ಮಕ್ಕಳನ್ನು ಮೊದಲು ಕರೆದೊಯ್ಯಬೇಕಾದ್ದು ಅಲ್ಲಿಗೆ.

ಬೀದಿಯ ಚಿತ್ರವೆಲ್ಲ ಮೂಕವೆಂದು ನಾವು ಹೇಳುತ್ತಿಲ್ಲ. ಮೈಸೂರಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದರ ಸುತ್ತ ಕೆರೆಯಂತೆ ಬಣ್ಣ ಬಳಿದು ಅದರೊಳಗೆ ಒಂದು ಮೊಸಳೆಯ ಬೊಂಬೆಯನ್ನು ಇಟ್ಟರು. ಅರ್ಜಿಗಳಿಂದ ಮುಚ್ಚದ ಗುಂಡಿ ಮೊಸಳೆಯಿಂದ ಮುಚ್ಚಿತು. 2019ರಲ್ಲಿ ಒಬ್ಬ ನಟನಿಗೆ ಚಂದ್ರಲೋಕದ ಯಾತ್ರಿಕನ ಉಡುಪು ತೊಡಿಸಿ ಗುಂಡಿಬಿದ್ದ ರಸ್ತೆಯ ಮೇಲೆ ನಡೆಸಿದರು; ಅದನ್ನು ಕಂಡು ಲೋಕವೇ ನಕ್ಕಾಗ ಪಾಲಿಕೆ ಜಲ್ಲಿ ತಂದು ಸುರಿಯಿತು. ಕೆ.ಆರ್. ಮಾರುಕಟ್ಟೆಯ ಬಳಿ ಅರವಾಣಿ ಆರ್ಟ್ ಪ್ರಾಜೆಕ್ಟಿನ ಗೆಳತಿಯರು, ಜನ ಮುಖ ತಿರುಗಿಸಿ ನಡೆಯುವ ಲಿಂಗಪರಿವರ್ತಿತ ಹೆಂಗಸರು, ತಮ್ಮ ಮುಖಗಳನ್ನು ತಾವೇ ಗೋಡೆಯಷ್ಟು ದೊಡ್ಡದಾಗಿ ಬರೆದರು. ಆ ಎತ್ತಿಗೆ ಇಲ್ಲದ್ದು ಈ ಚಿತ್ರಗಳಿಗೆ ಇದೆ. ಬರೆದವರ ಬಾಳು ಅದರಲ್ಲಿದೆ.

ಆದರೆ ಗೋಡೆ ಚಿತ್ರವನ್ನು ಬಿಟ್ಟು ಅಕ್ಷರ ಮಾತಾಡತೊಡಗಿದರೆ ಸರ್ಕಾರದ ಮುಖ ಬದಲಾಗುತ್ತದೆ. 1981ರ ಒಂದು ಕಾಯಿದೆ ಇದೆ, ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ ಕಾಯಿದೆ. 2020ರ ಜನವರಿಯಲ್ಲಿ ಚರ್ಚ್ ಸ್ಟ್ರೀಟಿನ ಗೋಡೆಗಳ ಮೇಲೆ, ಅಂಗಡಿಯ ಬಾಗಿಲುಗಳ ಮೇಲೆ ಪೌರತ್ವ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸುವ ಬರಹಗಳು ಬೆಳಗಾಗುವುದರೊಳಗೆ ಕಾಣಿಸಿಕೊಂಡಾಗ ಪೊಲೀಸರು ಮೊಕದ್ದಮೆ ದಾಖಲಿಸಿದರು. ಸ್ವಂತ ಅಂಗಡಿಯ ಬಾಗಿಲಿಗೆ ಯಾರೋ ಮಸಿ ಬಳಿದರೆ ಅಂಗಡಿಯವನಿಗೆ ಸಿಟ್ಟು ಬರುವುದು ನ್ಯಾಯವೇ. ಸಣ್ಣ ವ್ಯಾಪಾರಿಯ ಬಾಗಿಲನ್ನು ಬಿಟ್ಟು ಬರೆಯಿರೆಂದು ನಮ್ಮ ಹುಡುಗರಿಗೂ ನಾವು ಹೇಳುತ್ತೇವೆ. ಆದರೆ ವಿರೂಪ ಎಂದರೇನು ಎಂಬುದನ್ನು ಯಾರು ತೀರ್ಮಾನಿಸಬೇಕು? ನಾಯಕರ ಹುಟ್ಟುಹಬ್ಬಕ್ಕೆ ವೃತ್ತ ವೃತ್ತಗಳಲ್ಲಿ ಕಟ್ಟುವ, ಮರಿ ನಾಯಕರ ನೂರು ಮುಖಗಳ ಫ್ಲೆಕ್ಸು, ನಿಷೇಧವಿದ್ದೂ ಎದ್ದು ನಿಲ್ಲುವ ಆ ಫ್ಲೆಕ್ಸು, ಸುರೂಪವೇ? ಪಡಿತರ ಅಕ್ಕಿ ಎಲ್ಲಿ ಎಂದು ಗೋಡೆಯ ಮೇಲೆ ಕೇಳಿದ ಒಂದು ಸಾಲು ವಿರೂಪವೇ?

ನಮ್ಮ ಜಿಲ್ಲೆಯಲ್ಲಿ ಗೋಡೆಬರಹ ಹೇಗೆ ನಡೆಯುತ್ತದೆಂಬುದು ಓದುಗರಿಗೆ ತಿಳಿಯದ್ದಲ್ಲ. ಸುಣ್ಣಕ್ಕೆ ನೀಲಿ ಕಲಸಿಕೊಂಡು, ಕಾವಿಯನ್ನು ಡಬ್ಬದಲ್ಲಿ ಕದಡಿಕೊಂಡು, ಈಚಲು ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು ರಾತ್ರಿ ಹೊರಡುತ್ತೇವೆ. ಒಬ್ಬ ಲಾಟೀನಿನ ಬದಲು ಮೊಬೈಲಿನ ಬೆಳಕು ಹಿಡಿಯುತ್ತಾನೆ. ಕಾಗುಣಿತ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಹಳೆಯ ಕಸುಬಿನ ಹೊಣೆ. ಓದು ಬಾರದ ಹಿರಿಯರೊಬ್ಬರು ನಮ್ಮ ಬರಹದ ಮೇಲೆ ಬೆರಳಾಡಿಸಿ, ಮಗಳಿಂದ ಓದಿಸಿಕೊಂಡು, ಮರುದಿನ ಬಂದು ಸದಸ್ಯತ್ವದ ಚೀಟಿ ಕೇಳಿದ್ದನ್ನು ನಾವು ಕಂಡಿದ್ದೇವೆ. ಪತ್ರಿಕೆ ಕೊಳ್ಳಲಾರದವನ ಪತ್ರಿಕೆ ಗೋಡೆ. ಅದನ್ನು ಹುಲಿ ಚಿತ್ರದಿಂದ ತುಂಬಿಸಿ, ಇಲ್ಲಿ ಇನ್ನು ಯಾರೂ ಏನೂ ಬರೆಯಬಾರದು ಎಂದರೆ ಅದು ಅಲಂಕಾರವೂ ಹೌದು, ಬಾಯಿಕಟ್ಟೂ ಹೌದು.

ಆದ್ದರಿಂದ ನಾವು ಕೇಳುವುದು ಇಷ್ಟು. 2021ರ ಆ ಆದೇಶವನ್ನು ತೆಗೆದು, ವಿಧಾನಸೌಧಕ್ಕೆ ಕಣ್ಣಿಗೆ ಕಾಣುವಷ್ಟು ಹತ್ತಿರ ಜನ ನಿಂತು ಮಾತಾಡುವ ಜಾಗ ಗೊತ್ತುಮಾಡಬೇಕು. ಆಸ್ಪತ್ರೆಯ ಗಾಡಿಗೆ ದಾರಿ ಬಿಡುವ ಹೊಣೆಯನ್ನು ನಮ್ಮ ಸ್ವಯಂಸೇವಕರೇ ಹೊರಲಿ. ಸೌಧ ತೋರಿಸುವವರು ತಿಂಗಳಲ್ಲಿ ಒಂದು ದಿನವಾದರೂ ಕೆಲಸದ ದಿನ ತೋರಿಸಬೇಕು, ಅಂದು ಅರ್ಜಿ ಇಸಿದುಕೊಳ್ಳುವ ಒಬ್ಬ ಅಧಿಕಾರಿ ಅಲ್ಲಿ ಕೂರಬೇಕು. ಕಲ್ಲು ಒಡೆದವರ, ಕೈದಿಗಳ ಕಥೆಯನ್ನೂ ವಿವರಣೆಯಲ್ಲಿ ಹೇಳಬೇಕು. ಹಾಜರಿ ಪುಸ್ತಕಗಳು ಎಲ್ಲಾದರೂ ಉಳಿದಿದ್ದರೆ ಅದರಲ್ಲಿರುವ ಹೆಸರುಗಳನ್ನು ಒಂದು ಕಲ್ಲಿನ ಮೇಲೆ ಬರೆಸಲಿ. ನಗರದಲ್ಲಿ ವಾರ್ಡಿಗೊಂದರಂತೆ, ನಮ್ಮಲ್ಲಿ ತಾಲ್ಲೂಕಿಗೊಂದರಂತೆ ಒಂದು ಗೋಡೆಯನ್ನು ಯಾರು ಬೇಕಾದರೂ ಬರೆಯಲು ಬಿಡಲಿ. ಬೈದು ಬರೆದರೆ ಪಕ್ಕದಲ್ಲಿ ಸರ್ಕಾರವೂ ಉತ್ತರ ಬರೆಯಲಿ, ಸುಣ್ಣ ನಾವೇ ಕೊಡುತ್ತೇವೆ.

ಬರುವ ತಿಂಗಳು ಮತ್ತೆ ಹೊರಡುವುದೆಂದು ನಿಶ್ಚಯವಾಗಿದೆ. ಈ ಸಲ ಭಾನುವಾರವಲ್ಲ, ಸೋಮವಾರ. ಅಜ್ಜಿಯ ವಿಧವಾ ವೇತನದ ಅರ್ಜಿಯೂ ಸೇರಿ ಈವರೆಗೆ ನಲವತ್ತೊಂದು ಅರ್ಜಿಗಳು ಬರೆದು ಸಿದ್ಧವಾಗಿವೆ. ಬರುವವರು ಶುಕ್ರವಾರದೊಳಗೆ ಕಚೇರಿಯಲ್ಲಿ ಹೆಸರು ಬರೆಸಬೇಕು. ಒಂದು ಹೊತ್ತಿನ ಬುತ್ತಿ, ಆಧಾರ್ ಚೀಟಿ ತಪ್ಪದೆ ತರುವುದು.